ವ್ಯಸನವೂ ನಿಷ್ಠೆಯೂ

ಕಳೆದ ನಾಟಿಯ ಕಾಲದಲ್ಲಿ, ಕಂಪ್ಲಿಯ ಹೊಳೆದಂಡೆಯ ಗದ್ದೆಗಳಲ್ಲಿ ದುಡಿಯುವ ಭಕ್ತನೋರ್ವನು ಸಂಜೆ ಮಠದ ಜಗಲಿಯ ಮೇಲೆ ಕುಳಿತು ನಮ್ಮನ್ನು ಹೀಗೆ ಕೇಳಿದನು: “ಗುರುಗಳೆ, ಬೆಳಗಾದರೆ ನನಗೆ ತಂಬಾಕು ಬೇಕು, ನಿಮಗೆ ಲಿಂಗಪೂಜೆ ಬೇಕು. ಒಂದು ದಿನ ತಪ್ಪಿದರೆ ಇಬ್ಬರಿಗೂ ಸಮಾಧಾನವಿಲ್ಲ. ನನ್ನದು ಚಟ, ನಿಮ್ಮದು ನಿಷ್ಠೆ, ಇದು ಹೇಗೆ?” ಕೇಳಿದವನಲ್ಲಿ ಕುಚೋದ್ಯವಿರಲಿಲ್ಲ. ದಿನವಿಡೀ ಕೆಸರಿನಲ್ಲಿ ಬಾಗಿ ದುಡಿಯುವ ಆತನು, ಸುಣ್ಣ ಸೇರಿಸಿ ತಿಕ್ಕಿದ ತಂಬಾಕನ್ನು ದವಡೆಯಲ್ಲಿರಿಸಿಕೊಂಡೇ ಹಸಿವನ್ನೂ ಬೆನ್ನುನೋವನ್ನೂ ಮರೆಯುತ್ತಾನೆ. ಅಂದು ನಾವು ಉತ್ತರಿಸಲಾರದೆ ಹೋದೆವು.

ವ್ಯಸನವೆಂಬ ಪದಕ್ಕೆ ಸಂಸ್ಕೃತದಲ್ಲಿ ವಿಪತ್ತೆಂದೂ ದುರಭ್ಯಾಸವೆಂದೂ ಅರ್ಥವುಂಟು. ಮನುಸ್ಮೃತಿಯು (ಅದರ ಎಷ್ಟೋ ವಿಧಿಗಳು ಶರಣಮಾರ್ಗಕ್ಕೆ ಒಪ್ಪತಕ್ಕವಲ್ಲ) ಅರಸನು ತೊರೆಯಬೇಕಾದ 18 ವ್ಯಸನಗಳನ್ನೆಣಿಸಿ, 10ನ್ನು ಕಾಮಜವೆಂದೂ 8ನ್ನು ಕ್ರೋಧಜವೆಂದೂ ವಿಂಗಡಿಸುತ್ತದೆ. ದುಃಖದಿಂದ ಹುಟ್ಟುವ ವ್ಯಸನಕ್ಕೆ ಆ ಎಣಿಕೆಯಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಕನ್ನಡದ ಮಾತಾದರೋ ಅದನ್ನು ಬಲ್ಲದು. ಮಗನನ್ನು ಕಳೆದುಕೊಂಡ ತಂದೆಯ ಬಳಿಗೆ ಹೋಗಿ “ವ್ಯಸನಪಡಬೇಡಿರಿ” ಎನ್ನುತ್ತೇವೆ. ಅದೇ ತಂದೆ ವರುಷದೊಳಗೆ ಕುಡಿತಕ್ಕೆ ಬಿದ್ದರೆ “ವ್ಯಸನಿ” ಎನ್ನುತ್ತೇವೆ. ಶಬ್ದವೊಂದೇ. ಮೊದಲ ವ್ಯಸನಕ್ಕೆ ಮರುಗಿದ ನಾವು ಎರಡನೆಯದಕ್ಕೆ ಹೇಸುತ್ತೇವೆ.

ತಂಬಾಕಿನಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗಳಲ್ಲಿ ರಕ್ತದೊಳಗೆ ಅರ್ಧಕ್ಕಿಳಿಯುವುದೆಂದು ವೈದ್ಯರು ಹೇಳುತ್ತಾರೆ. ಅದು ಇಳಿಯುತ್ತ ಬಂದಂತೆ ಚಡಪಡಿಕೆ. ಮತ್ತೆ ಬಾಯಿಗಿಟ್ಟೊಡನೆ ನೆಮ್ಮದಿ. ಆ ನೆಮ್ಮದಿಯ ಬಹುಭಾಗವು ತಂಬಾಕೇ ತಂದ ಚಡಪಡಿಕೆಯ ಶಮನವಲ್ಲದೆ ಬೇರೆಯಲ್ಲ. ಸಾಹುಕಾರನು ತನ್ನ ಬಡ್ಡಿಯನ್ನು ತೀರಿಸಲು ತಾನೇ ಮತ್ತೆ ಸಾಲ ಕೊಟ್ಟಂತೆ ಇದು. ಬೆನ್ನುನೋವಿನ ಮೂಲವು ಇದ್ದಲ್ಲಿಯೇ ಇರುತ್ತದೆ.

ಲಿಂಗಪೂಜೆಯಾದರೋ, ಮುಗಿದ ಬಳಿಕ ಭಕ್ತನನ್ನು ಕಾಯಕಕ್ಕೂ ದಾಸೋಹಕ್ಕೂ ಕಳುಹಬೇಕು, ಮರೆಸಿದ್ದನ್ನು ಕಾಣಿಸಬೇಕು. ಹಾಗೆ ಮಾಡದಿದ್ದರೆ? ಮನೆಯ ಕಲಹಕ್ಕೂ ಸಾಲಗಾರರಿಗೂ ಅಂಜಿ ಪೂಜೆಯ ಕೋಣೆಯ ಬಾಗಿಲಿಕ್ಕಿಕೊಳ್ಳುವವರನ್ನು ನಾವು ಬಲ್ಲೆವು. ಈ ಲೇಖಕನೂ ಒಮ್ಮೊಮ್ಮೆ ಅವರಲ್ಲೊಬ್ಬನು. ಅಂತಹ ಪೂಜೆಗೂ ಆ ಭಕ್ತನ ತಂಬಾಕಿಗೂ ಅಂತರ ಕಿರಿದು. ತಂಬಾಕಿನಿಂದ ಬಾಯಿಯಲ್ಲಿ ಅರ್ಬುದವಾಗುತ್ತದೆ, ಪೂಜೆಯಿಂದ ಆಗುವುದಿಲ್ಲ; ಅಷ್ಟೇ.

ಇಳಕಲ್ಲಿನ ಲಿಂಗೈಕ್ಯ ಶ್ರೀ ಮಹಾಂತ ಶಿವಯೋಗಿಗಳು 1975ರಲ್ಲಿ “ಮಹಾಂತ ಜೋಳಿಗೆ”ಯನ್ನು ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದುದು ಸರ್ವವಿದಿತ. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ಬೇಡುವವನ ಕೈ ಕೆಳಗಿರುತ್ತದೆ, ಕೊಡುವವನದು ಮೇಲೆ. ಹೀಗಾಗಿ ಕುಡುಕನೂ ಆ ಕ್ಷಣ ದಾನಿಯಾದನು. ರಾಜಾಜ್ಞೆಗೆ ಈ ಬಗೆ ತಿಳಿಯದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿಯುವವರಲ್ಲಿ ಅನೇಕರು ಸೀಸೆಯ ಮದ್ಯಕ್ಕೆ ಹೊರಳಿದರು. ಬಹುಕಾಲ ಅತಿಯಾಗಿ ಕುಡಿದವನು ಒಮ್ಮೆಲೆ ಬಿಟ್ಟರೆ ಕೈನಡುಕ, ಭ್ರಮೆ, ಸೆಳವುಗಳುಂಟಾಗಿ ಪ್ರಾಣಕ್ಕೂ ಅಪಾಯವಾಗಬಹುದು. ಅಂಥವನಿಗೆ ಜೋಳಿಗೆಯೊಡನೆ ವೈದ್ಯನೂ ಬೇಕು.

ಜೋಳಿಗೆಗೆ ಹಾಕಿದ ಮೇಲೆ ಬರಿದಾದ ಕೈಯಲ್ಲಿ ಏನಿರಬೇಕು? ನಾಟಿಯ ಆಳುಗಳಿಗೆ ಹೊತ್ತಿಗೆ ಸರಿಯಾಗಿ ಬುತ್ತಿಯೂ ನಡುವೆ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಗಳಿಗೆಯ ವಿರಾಮವೂ ದೊರೆಯುತ್ತಿವೆಯೇ ಎಂದು ಗದ್ದೆಯೊಡೆಯರನ್ನು ಕೇಳದೆ, ಆ ಭಕ್ತನಿಗೆ ಉತ್ತರ ಹೇಳುವ ಧೈರ್ಯ ನಮಗಿಲ್ಲ. ಗದ್ದೆಯೊಡೆಯರಲ್ಲಿ ಹಲವರು ಈ ಪತ್ರಿಕೆಯನ್ನು ಓದುವವರೇ ಆಗಿದ್ದಾರೆ.