ಕಾಣದೆಡೆಯ ಕರ್ತವ್ಯ

1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮಾರಿಸ್ ಮೈನರ್ ಕಾರಿನ ಕಾಲುಬ್ರೇಕು ನಾಲ್ಕೂ ಚಕ್ರಗಳಿಗೆ ಒಂದೇ ದ್ರವಮಾರ್ಗವನ್ನು ಅವಲಂಬಿಸಿತ್ತು. ಎಲ್ಲಿಯಾದರೂ ಕೊಳವೆ ಒಡೆದರೆ ನಾಲ್ಕರ ಹಿಡಿತವೂ ತಪ್ಪುವುದು. ಇಂತಹ ಹಳೆಯ ವಾಹನವನ್ನು ಜೀರ್ಣೋದ್ಧಾರಗೊಳಿಸುವವನು ಹೊಸ ಕೊಳವೆಯನ್ನು ಕತ್ತರಿಸಿ, ಅಂಚನ್ನು ನಯಗೊಳಿಸಿ, ನಟ್ಟನ್ನು ತೊಡಿಸಿ, ಬಳಿಕ ತುದಿಯನ್ನು ಅಗಲಿಸುತ್ತಾನೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ? ನಟ್ಟು ಬಿಗಿದೊಡನೆ ಅದು ಮರೆಯಾಗುವುದು. ಅಂದಿಗೆ ಸೋರದೆಯೂ ಇರಬಹುದು. ಬಲ್ಲವನು ಅವನೊಬ್ಬನೇ. ಹೊರಮೈಯ ಬಣ್ಣವನ್ನು ಮೆಚ್ಚುವವರು ಹಲವರು. ಈ ಅಂಚನ್ನು ನೋಡುವವರಿಲ್ಲ. ಆದರೆ ಅದರ ಫಲವನ್ನುಣ್ಣುವವನು ಮಾಲೀಕನೊಬ್ಬನೇ ಅಲ್ಲ, ದಾರಿ ದಾಟುವ ಅಪರಿಚಿತ ಬಾಲಕನೂ ಹೌದು. ಕೊಲ್ಲುವ ಇಚ್ಛೆಯಿಲ್ಲದಿದ್ದರೂ, ಅರಿತ ದೋಷವನ್ನು ಮುಚ್ಚಿಡುವ ಪ್ರಮಾದವು ಹಿಂಸೆಯೇ. ಆದುದರಿಂದ ಆ ತುದಿಯನ್ನು ಕತ್ತರಿಸಿ ಎಸೆದು, ಮತ್ತೊಮ್ಮೆ ಮಾಡುವುದೇ ಧರ್ಮ.