ಗುರುತಿಸಿದವನು ಅರಿತವನೇ?

ಚಿತ್ರವೊಂದನ್ನು ತೋರಿಸಿ, ‘ಇದು ಯಾವ ಸ್ಥಳ, ಹೇಳಿರಿ ನೋಡೋಣ’ ಎಂದು ಕೇಳುವ ವಿನೋದವು ಈಗ ಎಲ್ಲೆಡೆಯಲ್ಲಿಯೂ ಬಳಕೆಗೆ ಬಂದಿದೆ. ಶಾಲೆಯ ಸಮಾರಂಭಗಳಲ್ಲಿ, ಪತ್ರಿಕೆಗಳ ಮಕ್ಕಳ ಪುಟಗಳಲ್ಲಿ, ಅಂಗೈಯೊಳಗಿನ ಮೊಬೈಲಿನಲ್ಲಿಯೂ ಅದು ನಡೆಯುತ್ತದೆ. ಶಿಖರದ ಒಂದು ಮೂಲೆ, ಕಂಬದ ಒಂದು ಬೋದಿಗೆ, ಬಾವಿಯೊಳಕ್ಕೆ ಇಳಿಯುವ ನಾಲ್ಕು ಮೆಟ್ಟಿಲು, ಇಷ್ಟನ್ನು ಮಾತ್ರ ಕಾಣಿಸಿ ಊರ ಹೆಸರನ್ನು ಕೇಳುವರು. ಮೊದಲು ಹೇಳಿದವನು ಗೆದ್ದನು. ಒಗಟುಗಳನ್ನು ಕೇಳುತ್ತ ಬೆಳೆದ ನಮ್ಮ ಜನಕ್ಕೆ ಇದು ತೀರ ಹೊಸದೇನೂ ಅಲ್ಲ. ಅಜ್ಜಿ ಮಾತಿನಲ್ಲಿ ಮುಚ್ಚಿಡುತ್ತಿದ್ದುದನ್ನು ಇಲ್ಲಿ ಚಿತ್ರದಲ್ಲಿ ಮುಚ್ಚಿಡಲಾಗಿದೆ, ಅಷ್ಟೆ.

ಆಟವೇನೋ ನಿರ್ದೋಷವಾದುದು. ಆದರೆ ಅದರ ಹಿಂದೆ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ. ಹೆಸರನ್ನು ಹೇಳಿದವನು ಆ ಸ್ಥಳವನ್ನು ಅರಿತಂತಾಯಿತೇ? ಅರಿತದ್ದಾದರೆ, ಆ ಅರಿವು ಅವನ ಮೇಲೆ ಯಾವುದಾದರೂ ಹೊಣೆಯನ್ನು ಹೊರಿಸುತ್ತದೆಯೇ? ವಾಚಕರು ಈ ಪ್ರಶ್ನೆಯನ್ನು ನನ್ನೊಡನೆ ಕೆಲವು ನಿಮಿಷ ವಿಚಾರಿಸಬೇಕೆಂದು ಕೋರುತ್ತೇನೆ. ಇದಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಮೊದಲು ಹೇಳಿಬಿಡುವುದು ಲೇಸು.

ಉತ್ತರ ಕರ್ನಾಟಕದ ಒಂದು ಹಳ್ಳಿಯ ಶಾಲೆಗೆ ಬಹುಮಾನ ಹಂಚಲೆಂದು ನನ್ನನ್ನು ಕರೆದಿದ್ದರು. ಅಲ್ಲಿಯ ಉಪಾಧ್ಯಾಯರು ಇಪ್ಪತ್ತು ಚಿತ್ರಗಳನ್ನು ಸಿದ್ಧಪಡಿಸಿಕೊಂಡಿದ್ದರು. ಗೋಲಗುಮ್ಮಟ, ಬೇಲೂರು, ಹಂಪೆಯ ಕಲ್ಲಿನ ರಥ ಇವುಗಳನ್ನು ಮಕ್ಕಳು ಚಿತ್ರ ಪೂರ್ಣವಾಗಿ ಕಾಣುವ ಮೊದಲೇ ಕೂಗಿ ಹೇಳಿದರು. ಕೊನೆಯ ಚಿತ್ರಕ್ಕೆ ಮಾತ್ರ ಸಭೆ ಮೌನವಾಯಿತು. ಮೂರು ಹಂತಗಳಲ್ಲಿ ಕೆತ್ತಿದ ಒಂದು ಕಲ್ಲು; ಕೆಳಗಿನ ಹಂತ ಸವೆದು ನುಣ್ಣಗಾಗಿತ್ತು. ಒಬ್ಬ ಹುಡುಗ ಎದ್ದು ನಿಂತು, ‘ಇದು ವೀರಗಲ್ಲು. ಕೆಳಗೆ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು’ ಎಂದು ತಪ್ಪಿಲ್ಲದೆ ಒಪ್ಪಿಸಿದನು. ಎಲ್ಲಿಯದು ಎಂದು ಕೇಳಿದರೆ, ‘ಲಕ್ಕುಂಡಿ’ ಎಂದನು. ಆಗ ಬಾಗಿಲಲ್ಲಿ ನಿಂತಿದ್ದ ಬಿಸಿಯೂಟದ ಅಡುಗೆಯ ತಾಯಿ ನಕ್ಕುಬಿಟ್ಟಳು. ‘ಲಕ್ಕುಂಡಿದಲ್ಲೋ ತಮ್ಮಾ, ಇದು ನಮ್ಮ ಹಳ್ಳದ ದಂಡಿ ಕಲ್ಲು. ಮೂಲಿ ಒಡದೈತಿ ನೋಡು. ನಾ ದಿನಾ ಇದರ ಮ್ಯಾಲೆ ಅರಿವಿ ಒಗಿತೀನಿ’ ಎಂದಳು.

ಆಕೆ ಸ್ಪರ್ಧೆಯಲ್ಲಿ ಇರಲಿಲ್ಲವಾದ್ದರಿಂದ ಬಹುಮಾನವನ್ನು ಹುಡುಗನಿಗೇ ಕೊಡಲಾಯಿತು. ಕೊಟ್ಟ ಕೈ ನನ್ನದೇ. ಕೊಟ್ಟ ಮೇಲೆ ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಹುಡುಗನು ಕಲ್ಲಿನ ಅರ್ಥವನ್ನು ಬಲ್ಲನು, ಕಲ್ಲನ್ನು ಕಾಣನು. ತಾಯಿ ಕಲ್ಲನ್ನು ಕಂಡವಳು, ಅದರ ಅರ್ಥವನ್ನು ಅವಳಿಗೆ ಯಾರೂ ಹೇಳಲಿಲ್ಲ. ತುರುಗಳನ್ನು ಬಿಡಿಸಲೆಂದೋ, ಊರನ್ನು ಕಾಯಲೆಂದೋ ಮಡಿದ ಒಬ್ಬನ ನೆನಪು ಇವರಿಬ್ಬರ ನಡುವೆ ದಿನದಿನವೂ ಸವೆದುಹೋಗುತ್ತಿತ್ತು.

ನಮ್ಮ ಹಿರಿಯರು ಕುರುಹು ಬೇರೆ, ಅರಿವು ಬೇರೆ ಎಂದು ವಿವೇಚಿಸಿದ್ದಾರೆ. ಕುರುಹು ಬೇಡವಾದುದಲ್ಲ, ಅದಿಲ್ಲದೆ ಅರಿವಿಗೆ ಹಿಡಿತವೇ ಇಲ್ಲ. ಆದರೆ ಕುರುಹನ್ನು ಹಿಡಿದವನು ಅಲ್ಲಿಯೇ ನಿಂತರೆ, ಅವನು ಹೊಸ್ತಿಲನ್ನೇ ಮನೆಯೆಂದು ಭಾವಿಸಿದಂತೆ. ಚಿತ್ರವೂ ಕುರುಹು, ಹೆಸರೂ ಕುರುಹು. ಒಂದು ಕುರುಹನ್ನು ಇನ್ನೊಂದು ಕುರುಹಿಗೆ ಜೋಡಿಸಿ ತೃಪ್ತಿಪಡುವುದೇ ಈ ಆಟದ ಗೆಲುವಾದರೆ, ಅರಿವು ಎಲ್ಲಿ ಉಳಿಯಿತು?

ಐಹೊಳೆಯ ಪ್ರಸಿದ್ಧವಾದ ಗಜಪೃಷ್ಠಾಕಾರದ ದೇವಾಲಯವನ್ನೇ ತೆಗೆದುಕೊಳ್ಳಿರಿ. ಅದರ ಚಿತ್ರವನ್ನು ಕಂಡೊಡನೆ ‘ದುರ್ಗದ ಗುಡಿ’ ಎನ್ನುವವರು ಬಹಳ ಮಂದಿ. ಉತ್ತರ ಸರಿ, ಆದರೆ ಹೇಳಿದವರಲ್ಲಿ ಅನೇಕರ ಮನಸ್ಸಿನಲ್ಲಿ ಮೂಡುವುದು ದುರ್ಗಾದೇವಿಯ ರೂಪ. ಆ ಹೆಸರು ಬಂದಿರುವುದು ದೇವಿಯಿಂದಲ್ಲ, ಕೋಟೆ ಎಂಬ ಅರ್ಥದ ‘ದುರ್ಗ’ ಶಬ್ದದಿಂದ. ಅದೇ ಊರಿನ ಲಾಡ್ ಖಾನ್ ಗುಡಿಗೆ ಆ ಹೆಸರು ಬಂದುದು ಅದನ್ನು ಕಟ್ಟಿಸಿದವನಿಂದಲ್ಲ; ಬಹುಕಾಲದ ಮೇಲೆ ಅದರಲ್ಲಿ ವಾಸವಾಗಿದ್ದವನಿಂದ. ಇಲ್ಲಿ ಸರಿಯಾದ ಉತ್ತರವೇ ತಪ್ಪು ತಿಳಿವಳಿಕೆಗೆ ಹೊದಿಕೆಯಾಗುವುದನ್ನು ಕಾಣುತ್ತೇವೆ. ತಪ್ಪು ಹೇಳಿದವನಾದರೂ ಮುಂದೆ ವಿಚಾರಿಸಬಹುದು. ಸರಿ ಹೇಳಿ ಬಹುಮಾನ ಪಡೆದವನು ವಿಚಾರಿಸುವ ಅಗತ್ಯವನ್ನೇ ಕಾಣುವುದಿಲ್ಲ.

ಹಂಪೆಯ ಕಲ್ಲಿನ ರಥದ ಚಿತ್ರವು 2017ರಿಂದ ಐವತ್ತು ರೂಪಾಯಿಯ ನೋಟಿನ ಮೇಲೆ ನಮ್ಮೆಲ್ಲರ ಜೇಬಿನಲ್ಲಿದೆ. ಅದನ್ನು ಗುರುತಿಸದವರು ವಿರಳ. ಆದರೆ ಅದು ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ, ವಿಠ್ಠಲನ ಎದುರಿಗೆ ನಿಂತಿರುವುದು ಎಂದು ಬಲ್ಲವರು ಎಷ್ಟು ಮಂದಿ? 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಹಂಪೆಯ ಛಾಯಾಚಿತ್ರಗಳನ್ನು ತೆಗೆದನು. ಅವುಗಳಲ್ಲಿ ಈ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಎದ್ದು ಕಾಣುತ್ತದೆ. ಇಂದು ಆ ಶಿಖರವಿಲ್ಲ. ಎರಡೂ ಚಿತ್ರಗಳಿಗೆ ‘ಕಲ್ಲಿನ ರಥ’ ಎಂಬ ಒಂದೇ ಉತ್ತರ ಸಲ್ಲುತ್ತದೆ. ನಡುವೆ ಕಳೆದುಹೋದದ್ದನ್ನು ಆ ಉತ್ತರ ಹೇಳುವುದಿಲ್ಲ.

ಇದಕ್ಕಿಂತ ನೋವಿನ ನಿದರ್ಶನವೂ ಉಂಟು. 2019ರಲ್ಲಿ ಹಂಪೆಯಲ್ಲಿ ಯುವಕರು ನಿಂತ ಕಂಬವೊಂದನ್ನು ತಳ್ಳಿ ಕೆಡಹಿದ ದೃಶ್ಯವು ಮೊಬೈಲಿನ ಮೂಲಕ ನಾಡಿನಲ್ಲೆಲ್ಲ ಹರಡಿತು. ನ್ಯಾಯಾಲಯವು ಅವರಿಗೆ ದಂಡ ವಿಧಿಸಿದುದಲ್ಲದೆ, ಕೆಡವಿದ ಕಂಬವನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಿತು. ಅವರಿಗೆ ಅದು ಹಂಪೆಯೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಚಿತ್ರ ತೋರಿಸಿ ಕೇಳಿದ್ದರೆ ಥಟ್ಟನೆ ಉತ್ತರ ಹೇಳುತ್ತಿದ್ದರು. ಕಂಬವನ್ನು ಎತ್ತಿ ನಿಲ್ಲಿಸುವಾಗ ಅದರ ಭಾರ ಹೆಗಲಿಗೆ ತಾಗಿತಲ್ಲ, ಪ್ರಾಯಶಃ ಅಂದೇ ಅವರು ಆ ಕಂಬವನ್ನು ಮೊದಲ ಬಾರಿಗೆ ಅರಿತರು.

‘ಎಲ್ಲರೂ ಇತಿಹಾಸದ ವಿದ್ವಾಂಸರಾಗಲು ಸಾಧ್ಯವೇ? ಆಟದಿಂದ ಮಕ್ಕಳಲ್ಲಿ ಆಸಕ್ತಿಯಾದರೂ ಹುಟ್ಟುತ್ತದೆ’ ಎಂದು ಕೆಲವರು ಹೇಳಬಹುದು. ಈ ಮಾತನ್ನು ನಾನು ಒಪ್ಪುತ್ತೇನೆ. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಅದುವರೆಗೆ ಆ ಊರಿನವರಿಗೆ ಅದು ಊರಿನ ಒಂದು ಕಲ್ಲು ಮಾತ್ರ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದು ಅದೆಂದು ತಿಳಿಯಲು ಓದಬಲ್ಲ ಕಣ್ಣು ಬೇಕಾಯಿತು. ಅಂಥ ಕಣ್ಣು ಬಾಲ್ಯದ ಕುತೂಹಲದಿಂದಲೇ ತೆರೆಯುತ್ತದೆ. ಆದುದರಿಂದ ಆಟವನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಉತ್ತರ ದೊರೆತೊಡನೆ ಆಟ ಮುಗಿಯಿತೆಂದು ಎಣಿಸಬಾರದು ಎಂಬುದಷ್ಟೇ ನನ್ನ ವಿನಂತಿ.

ಹಾಗೆಂದು ಅರ್ಧ ತಿಳಿದು ಆತುರಪಡುವುದೂ ಕ್ಷೇಮವಲ್ಲ. ಹಳೆಯ ಗುಡಿಯೆಂದು ತಿಳಿದೊಡನೆ ನಿಧಿಯ ಆಸೆಯಿಂದ ಅಗೆಯುವವರಿದ್ದಾರೆ. ಶಿಲ್ಪವೆಂದು ತಿಳಿದೊಡನೆ ಭಕ್ತಿಯಿಂದಲೇ ಎಣ್ಣೆಬಣ್ಣ ಬಳಿದು ಅಕ್ಷರಗಳನ್ನು ಮುಚ್ಚಿಬಿಡುವವರೂ ಇದ್ದಾರೆ. ಒಬ್ಬರದು ಲೋಭ, ಮತ್ತೊಬ್ಬರದು ಅವಸರದ ಪ್ರೀತಿ; ಕಲ್ಲಿಗೆ ಆಗುವ ಹಾನಿ ಒಂದೇ. ವಸ್ತುವು ತನ್ನನ್ನು ತಾನು ಹೇಳಿಕೊಳ್ಳುವವರೆಗೆ ಕಾಯುವ ವಿನಯವು ಅರಿವಿನ ಮೊದಲ ಲಕ್ಷಣ.

ಈ ಆಟವನ್ನು ಸಾಧನೆಯಾಗಿ ಆಡಿದವರೂ ಉಂಟು. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವರು 1983ರಲ್ಲಿ ಗ್ರೀನ್‌ಲಾನ ಹಳೆಯ ಚಿತ್ರಗಳನ್ನು ಹಿಡಿದು ಹಂಪೆಗೆ ಬಂದು, ಆತನು ನಿಂತ ಸ್ಥಳಗಳನ್ನೇ ಹುಡುಕಿ, ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಅಲ್ಲಿ ಊರ ಹೆಸರು ಹೇಳಿದರೆ ಸಾಲದು. ಯಾವ ಬಂಡೆಯ ಮೇಲೆ, ಯಾವ ದಿಕ್ಕಿಗೆ ಮುಖಮಾಡಿ ನಿಂತರೆ ಕಂಬವೂ ಗೋಪುರವೂ ಚಿತ್ರದಲ್ಲಿರುವಂತೆ ಹೊಂದುವುವೆಂದು ನಡೆದು ನೋಡಬೇಕು. ಹಾಗೆ ನಿಂತವನಿಗೆ ಉಳಿದದ್ದೇನು, ಅಳಿದದ್ದೇನು ಎಂಬುದು ಕಾಣದೆ ಇರದು. ಕಂಡವನು ಸಾಕ್ಷಿಯಾಗುತ್ತಾನೆ, ಸಾಕ್ಷಿಗೆ ಸುಮ್ಮನಿರುವ ಹಕ್ಕಿಲ್ಲ. ಅರಿವು ಹೊರಿಸುವ ಹೊಣೆ ಇದೇ ಎಂದು ನನ್ನ ನಂಬಿಕೆ.

ಆ ಹಳ್ಳಿಯ ಮಾತನ್ನು ಮುಗಿಸಬೇಕು. ಸಂಜೆ ನಾವೆಲ್ಲರೂ ಹಳ್ಳದ ದಂಡೆಗೆ ಹೋದೆವು. ಹುಡುಗನು ಕಲ್ಲಿನ ಮುಂದೆ ಕುಳಿತು, ತಾನು ಪುಸ್ತಕದಲ್ಲಿ ಓದಿದ ಸೂರ್ಯಚಂದ್ರರನ್ನು ಬೆರಳಿನಿಂದ ಮುಟ್ಟಿ ನೋಡಿ ಆ ತಾಯಿಗೆ ವಿವರಿಸಿದನು. ಆಕೆ ಕೇಳುತ್ತ ಕೇಳುತ್ತ ಸವೆದ ಕೆಳಹಂತದ ಮೇಲೆ ಕೈಯಾಡಿಸಿ, ‘ಇಷ್ಟು ದಿನ ಯಾರೂ ಹೇಳಲಿಲ್ಲ’ ಎಂದಳು. ಬಳಿಕ, ‘ಹಂಗಾದರ ನಾ ಎಲ್ಲಿ ಒಗೀಲಿ?’ ಎಂದು ಕೇಳಿದಳು. ಆ ಪ್ರಶ್ನೆಯೂ ನ್ಯಾಯವಾದುದೇ. ಹುಡುಗರು ಸೇರಿ ಬೇರೊಂದು ಚಪ್ಪಡಿಯನ್ನು ಉರುಳಿಸಿ ತಂದು ನೀರಿನ ಬದಿಗೆ ಹಾಕಿಕೊಟ್ಟರು. ವೀರನ ಕಲ್ಲು ಇದ್ದಲ್ಲಿಯೇ ಉಳಿಯಿತು.

ವಾಚಕರೇ, ತಮ್ಮ ಊರಿನಲ್ಲಿಯೂ ಇಂಥ ಕಲ್ಲೊಂದು ಇರಬಹುದು. ಅದರ ಚಿತ್ರವನ್ನು ಯಾರಾದರೂ ತಮಗೆ ತೋರಿಸಿ ಕೇಳುವ ಮೊದಲೇ ತಾವು ಒಮ್ಮೆ ಅದರ ಬಳಿಗೆ ಹೋಗಿ ಬನ್ನಿರಿ. ಹೋಗುವಾಗ ಒಂದು ಮಗುವನ್ನೂ, ಆ ಕಲ್ಲನ್ನು ನಿತ್ಯ ಕಾಣುವ ಒಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ.