ರೆಕ್ಸಿನ್ನಿನ ಕೆಳಗೆ

ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ ನಿಮ್ಮ ತಂದೆ ಓಡಿಸುತ್ತಿದ್ದ ಯೆಜ್ಡಿ ಶಿವಮೊಗ್ಗದ ಮನೆಯಲ್ಲಿ ನಿಂತಿದೆ ಎಂದಿಟ್ಟುಕೊಳ್ಳಿ. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ 1996ರಲ್ಲೇ ಮುಚ್ಚಿತು. ಆದರೂ ಇಂಥ ಗಾಡಿಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಒಬ್ಬ ಹುಡುಗ ಭಾನುವಾರ ಪೂಜೆ ಮುಗಿದ ಮೇಲೆ ಬರುತ್ತಾನೆ. ಸೀಟು ಹರಿದಿದೆ. ನೀವೇ ಕೂತು, ಅಂಚಿನ ತಗಡಿನ ಹಲ್ಲುಗಳನ್ನು ಸ್ಕ್ರೂಡ್ರೈವರಿನಿಂದ ಎತ್ತಿ ಹಳೆಯ ರೆಕ್ಸಿನ್ ಬಿಚ್ಚುತ್ತೀರಿ. ಮಲೆನಾಡಿನ ಮಳೆ ಎಷ್ಟು ವರ್ಷದಿಂದ ಹೊಲಿಗೆಯೊಳಗೆ ಇಳಿದಿತ್ತೋ! ಫೋಮ್ ಪುಡಿಪುಡಿ, ತಳದ ತಗಡಿನಲ್ಲಿ ಬೆರಳು ತೂರುವಷ್ಟು ತುಕ್ಕಿನ ತೂತು.

ಹೊಸ ಫೋಮ್ ಇಟ್ಟು, ಹೊಸ ರೆಕ್ಸಿನ್ನನ್ನು ಬಿಸಿಲಿಗೆ ಹಾಕಿ ಮೆದುವಾಗಿಸಿ, ಬಿಗಿಯಾಗಿ ಎಳೆದು ಮುಚ್ಚಿದರೆ ಅರ್ಧ ದಿನದ ಕೆಲಸ. ತಗಡು ಉಜ್ಜಿ, ವೆಲ್ಡಿಂಗ್ ಮಾಡಿಸಿ, ರೆಡ್ ಆಕ್ಸೈಡ್ ಬಳಿಯುವುದಾದರೆ ಭಾನುವಾರಕ್ಕೆ ಆಗದು. "ಅವನು ಕೇಳಲಿಲ್ಲ, ನಾನು ಹೇಳಲಿಲ್ಲ, ಇದರಲ್ಲಿ ಸುಳ್ಳೆಲ್ಲಿ ಬಂತು?" ಎನ್ನುತ್ತದೆ ಮನಸ್ಸು. ನನ್ನದೂ ಹಾಗೇ ಅಂದಿತ್ತು, ಮುಚ್ಚುಮರೆ ಏಕೆ? ಆದರೆ ಯೋಚಿಸಿ: ಹರಿದ ಸೀಟನ್ನು ಹಾಗೇ ಬಿಟ್ಟಿದ್ದರೆ ಅವನೇ ಬಗ್ಗಿ ನೋಡುತ್ತಿದ್ದ. ಅವನು ನೋಡದಂತೆ ಮಾಡುವುದು ನಿಮ್ಮ ಹೊಸ ಹೊದಿಕೆಯೇ. ನಾಳೆ ಅದರ ಮೇಲೆ ಅವನ ತಾಯಿಯೂ ಕೂರುವವರು.

ನಾನು ಹೊದಿಕೆ ಹಾಕದೆ ತಗಡನ್ನು ಅವನ ಕೈಗೇ ಕೊಟ್ಟೆ. ಎರಡು ಸಾವಿರ ಇಳಿಸಿ ಗಾಡಿ ಒಯ್ದ.